ಖಾಲಿಯಾಗದ ಗುಳಂಬ

ಹರಿಹರದ ಹಾಲಮ್ಮನಿಗೂ ದಾವಣಗೆರೆಯ ಸರ್ವಮಂಗಳಮ್ಮನಿಗೂ ನಡುವೆ ಓಡಾಡುತ್ತಿದ್ದ ಗಾಜಿನ ಬಾಟ್ಲಿಗೆ ಬಾಯಿ ಇದ್ದಿದ್ದರೆ ಎರಡೂ ಊರಿನ ಪೊಲೀಸರು ಲಾಠಿ ಹಿಡಿದು ಓಡಿ ಬರಬೇಕಾಗುತ್ತಿತ್ತು. ಪುಣ್ಯಕ್ಕೆ ಬಾಯಿ ಇರಲಿಲ್ಲ, ತಗಡಿನ ಮುಚ್ಚಳ ಮಾತ್ರ ಇತ್ತು. ಹಾಲಮ್ಮನ ಗಂಡ ತಿಪ್ಪೇರುದ್ರಪ್ಪ ಬದುಕಿದ್ದಾಗ ತನ್ನ ಕಿರಾಣಿ ಅಂಗಡಿಯಲ್ಲಿ ಪೆಪ್ಪರಮೆಂಟು ತುಂಬಿಡುತ್ತಿದ್ದ ಬಾಟ್ಲಿ ಅದು. ದಪ್ಪ ಹೊಟ್ಟೆ, ಗಿಡ್ಡ ಕತ್ತು. ಒಳಗೆ ಎಮ್ಮೆಕರು ಕೂತು ಮೆಲುಕು ಹಾಕಬಹುದು ಎಂದು ಹಾಲಮ್ಮ ಹೇಳುತ್ತಿದ್ದಳು. ಹಾಲಮ್ಮ ಹೇಳಿದ್ದರಲ್ಲಿ ಮುಕ್ಕಾಲು ಪಾಲು ತೂರಿಬಿಟ್ಟು ಮಿಕ್ಕ ಕಾಳನ್ನಷ್ಟೇ ನಂಬಿದರೂ ಅದು ದೊಡ್ಡ ಬಾಟ್ಲಿಯೇ.

ಇಬ್ಬರಿಗೂ ಇದ್ದದ್ದು ಎರಡೆರಡು ನಂಟು. ಸರ್ವಮಂಗಳಮ್ಮನ ಗಂಡ ಶಿವಮೂರ್ತಪ್ಪ ಹಾಲಮ್ಮನ ಒಡಹುಟ್ಟಿದ ತಮ್ಮ. ಆ ತಮ್ಮನ ಮಗ ಬಸವಕಿರಣನಿಗೇ ಹಾಲಮ್ಮ ತನ್ನ ಒಬ್ಬಳೇ ಮಗಳು ವಾಣಿಯನ್ನು ಕೊಟ್ಟಿದ್ದಳು. ನಾದಿನಿ ಅನ್ನುವ ಮುಳ್ಳು ಒಂದು ಸಾಲದೆಂದು ಬೀಗತಿ ಅನ್ನುವ ಮುಳ್ಳನ್ನೂ ಪಕ್ಕದಲ್ಲೇ ನೆಟ್ಟು ನೀರು ಹಾಕಿದಂತಾಗಿತ್ತು.

ಮದುವೆಯಾದ ವರ್ಷ ಹಾಲಮ್ಮ ಆ ಬಾಟ್ಲಿ ತುಂಬ ರವೆ ಉಂಡೆ ಕಟ್ಟಿ ಮಗಳ ಮನೆಗೆ ಕಳಿಸಿದಳು. ಸಿಹಿ ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸುವುದುಂಟೆ? ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಸರ್ವಮಂಗಳಮ್ಮ ಹಾಕಿದ್ದು ಬೇಕರಿಯ ನಾನ್‌ಕಟಾಯಿ. ಅದೂ ಡಬ್ಬಿಯ ತಳ ಗುಡಿಸಿ ತುಂಬಿದ ಪುಡಿ. ‘ಹಲ್ಲು ಉದುರಿದೋರಿಗೆ ಅನುಕೂಲ’ ಎಂದು ಹೇಳಿಯೂ ಕಳಿಸಿದ್ದಳು. ಅಲ್ಲಿಂದ ಶುರು. ಶಿವಮೂರ್ತಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರವೇ ಹಾಲಮ್ಮ ಪಾಕ ತೊಟ್ಟಿಕ್ಕುವ ಜಾಮೂನು ಕಳಿಸಿದಳು. ತಮ್ಮ ತಿನ್ನುವಂತಿಲ್ಲ, ತಮ್ಮನ ಹೆಂಡತಿ ಅವನ ಕಣ್ಣೆದುರು ತಿಂದು ಪಾಪ ಕಟ್ಟಿಕೊಳ್ಳಲಿ ಎಂಬುದು ಲೆಕ್ಕಾಚಾರ. ಅದಕ್ಕೆ ಉತ್ತರವಾಗಿ ಸಂಕ್ರಾಂತಿಗೆ ಕರಿಎಳ್ಳಿನ ಉಂಡೆ ಬಂತು. ಕರಿಎಳ್ಳು ಯಾರ ಹೆಸರಲ್ಲಿ, ಯಾವಾಗ ಬಿಡುತ್ತಾರೆ ಎಂದು ಎರಡು ವರ್ಷದ ಕೂಸಿಗೂ ಗೊತ್ತು. ಹಾಲಮ್ಮ ಅವತ್ತು ಊಟ ಮಾಡಲಿಲ್ಲ. ಮರುದಿನ ಎದ್ದು, ಬಾಣಂತಿಯರು ತಿನ್ನುವ ಅಂಟಿನುಂಡೆಯನ್ನು ತುಪ್ಪ ಸುರಿದು ಕಟ್ಟಿದಳು. ಮದುವೆಯಾಗಿ ಇಷ್ಟು ದಿನವಾದರೂ ಮೊಮ್ಮಗನ ಮುಖ ಕಾಣದ ಸರ್ವಮಂಗಳಮ್ಮನಿಗೆ ಅದನ್ನು ಕಳಿಸಿ, ‘ತಿನ್ನೋರು ಇಲ್ಲ ಅಂತ ಗೊತ್ತೈತೆ, ನೋಡ್ಕಂಡಾದ್ರೂ ಇರ್ಲಿ’ ಎಂದು ಹೇಳಿಸಿದಳು.

ಹೊತ್ತು ತಿರುಗುವವನು ಬಸವಕಿರಣ. ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಅವನ ಕೆಲಸ, ದಿನಾ ಹರಿಹರ ಹಾದೇ ಹೋಗಬೇಕು. ಸ್ಕೂಟರಿನ ಕಾಲ ಬಳಿ ಬಾಟ್ಲಿ ಇಟ್ಟುಕೊಂಡು ಹೋಗುವ, ಬರುವ. ಒಳಗೆ ಏನಿದೆ ಎಂದು ಒಮ್ಮೆಯೂ ಕೇಳಿದವನಲ್ಲ. ಬಾಂಬಿದ್ದರೂ ತಲುಪಿಸಿ ಬರುತ್ತಿದ್ದ.

ಈಗ ಬಸುರಿ ವಾಣಿಗೆ ಏಳು ತಿಂಗಳು ತುಂಬಿತ್ತು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಅತ್ತೆಮನೆಯಲ್ಲಿ ಕುಬಸ ಎಂದು ಗೊತ್ತಾಗಿತ್ತು. ತವರಿನವರು ಹಸಿರು ಸೀರೆ, ಹಸಿರು ಬಳೆ, ಸಿಹಿ ತಗೊಂಡು ಹೋಗಿ ಬಸುರಿಗೆ ಉಡಿ ತುಂಬಿಸುವ ದಿನ. ಆ ಮನೆತನದಲ್ಲಿ ಅದಕ್ಕೊಂದು ಕಟ್ಟುಪಾಡು. ತವರು ತಂದ ಸಿಹಿಯ ಪಾತ್ರೆಯನ್ನು ಅತ್ತೆಯಾದವಳು ಏನಾದರೂ ತುಂಬಿ ವಾಪಸು ಕೊಟ್ಟಳೋ, ಸೊಸೆಯನ್ನು ಬಾಣಂತನಕ್ಕೆ ಕಳಿಸಿದಳು ಎಂದೇ ಅರ್ಥ. ಬಾಯಿ ಬಿಟ್ಟು ಕೇಳುವುದು ತವರಿಗೆ ಮರ್ಯಾದೆಯಲ್ಲ. ಬಾಯಿ ಬಿಟ್ಟು ಇಲ್ಲ ಅನ್ನುವುದು ಅತ್ತೆಗೂ ಮರ್ಯಾದೆಯಲ್ಲ. ಪಾತ್ರೆಯೇ ಮಾತಾಡಬೇಕು.

ಹಾಲಮ್ಮನಿಗೆ ಬೇಕಾಗಿದ್ದು ಅದೊಂದೇ. ವಾಣಿಯ ಬಾಣಂತನ ತನ್ನ ಕೈಯಿಂದ ಆಗಬೇಕು. ತಾನು ಹೆತ್ತಾಗ ತಾಯಿ ಇರಲಿಲ್ಲ. ಅಂಗಡಿಯ ಹಿಂದೆ, ಒಣಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತಾ ಸೀನುತ್ತಾ ಹೆತ್ತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು ಕೋಳಿಗೆ ನುಚ್ಚು ಎರಚಿದಂತೆ ಗಂಜಿ ತಳ್ಳಿ ಹೋಗುತ್ತಿದ್ದಳು. ತನ್ನ ಮಗಳಿಗೆ ಹಾಗಾದರೆ ತಾನು ಬದುಕಿದ್ದೂ ದಂಡ.

ಹಾಗಾಗಿ ಆ ವೈಶಾಖದಲ್ಲಿ ಹಾಲಮ್ಮ ಗುಳಂಬಕ್ಕೆ ಕೈ ಹಾಕಿದಳು. ಹುಳಿಮಾವಿನಕಾಯಿ ತುರಿದು, ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಎಳೆಪಾಕ ಬರುವ ತನಕ ಕೈಯಾಡಿಸಬೇಕು. ಪಕ್ಕದ ಮನೆಯ ಹಜೀರಾಬೀ ಕಟ್ಟೆಯ ಮೇಲೆ ಕೂತು ಹುಟ್ಟಲಿರುವ ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆಗಳ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೂಡಿಸಿ ಹೊಲಿಯುವುದರಲ್ಲಿ ಅವಳ ಕೈ ಬಿಟ್ಟರೆ ಇನ್ನೊಂದಿಲ್ಲ.

“ಹಾಲಕ್ಕ, ಈ ನೇರಳೆ ಸೀರಿ ಹೊಸಾದೈತಲ್ಲ. ಮಡಿಕೆನೂ ಬಿಚ್ಚಿಲ್ಲ. ಇದನ್ಯಾಕ ಕತ್ತರಸ್ಬೇಕು?”

“ಅದು ನಮ್ಮ ಬೀಗತಿ ಮದುವ್ಯಾಗೆ ನಂಗೆ ಉಡ್ಸಿದ್ದು. ಸೊಳ್ಳೆಪರದೆ ಅದು. ಉಟ್ಕಂಡು ಹೊಳಿಗೆ ಹೋದ್ರೆ ಮೀನು ಒಳಗೆ ಬರ್ತಾವೆ. ನಟ್ಟನಡುವೆ ಹಾಕು, ದೊಡ್ಡದಾಗಿ ಕಾಣಂಗೆ.”

“ಅವರಿಗೆ ಗುರುತು ಸಿಕ್ಕಂಗಿಲ್ಲಾ?”

“ಸಿಗ್ಲಿ ಅಂತಾನೇ ಹೇಳಿದ್ದು.”

ಹಜೀರಾಬೀ ನಕ್ಕು ಕತ್ತರಿ ಆಡಿಸಿದಳು. ಹಾಲಮ್ಮ ತಾನೇ ಹೊಲಿದಿದ್ದ ಕುಂಚಿಗೆಯನ್ನು, ಕೂಸಿನ ತಲೆಯಿಂದ ಬೆನ್ನಿನ ತನಕ ಇಳಿಬಿಡುವ ಕೆಂಪು ಟೊಪ್ಪಿಗೆಯನ್ನು, ಬುಟ್ಟಿಯ ತಳದಲ್ಲಿ ಮಡಚಿಟ್ಟಳು. ಅದಕ್ಕೆ ಕನ್ನಡಿ ಚೂರು, ಮಣಿ ಎಲ್ಲ ಕೂರಿಸಿದ್ದಳು. ಬಿಸಿಲಿಗೆ ಹಿಡಿದರೆ ಲಾರಿ ಡ್ರೈವರುಗಳು ಕಣ್ಣು ಮುಚ್ಚಿಕೊಳ್ಳಬೇಕು, ಅಷ್ಟು ಹೊಳಪು. ಗುಳಂಬ ಆರಿದ ಮೇಲೆ ಬಾಟ್ಲಿಗೆ ಕತ್ತಿನ ತನಕ ತುಂಬಿ, ಬಾಯಿಗೆ ಬಿಳೀ ಅರಿವೆ ಕಟ್ಟಿದಳು.

ಕುಬಸದ ದಿನ ಹಾಲಮ್ಮ, ಹಜೀರಾಬೀ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಕಂಡಕ್ಟರು ಬಾಟ್ಲಿಯನ್ನು ಮೇಲಿಡಿ ಅಂದ. “ನಿನ್ನನ್ನ ಮೇಲಿಡ್ತೀನಿ, ಇದು ತೊಡೆ ಮೇಲೇ ಬರ್ತೈತೆ” ಅಂದಳು ಹಾಲಮ್ಮ. ಅವನು ಆಮೇಲೆ ಆ ಸೀಟಿನ ಕಡೆ ತಲೆ ಹಾಕಲಿಲ್ಲ.

ಸರ್ವಮಂಗಳಮ್ಮನ ಹಾಲ್ ತುಂಬ ಹೆಂಗಸರು. ಬಿ ಬ್ಲಾಕಿನ ಮಹಿಳಾ ಸಮಾಜದವರು, ಎಲ್ಲರ ಸೀರೆಗೂ ಇಸ್ತ್ರಿ. ಗೋಡೆಗೆ ಆತು ನಿಂತ ಶೋಕೇಸಿನಲ್ಲಿ ಸರ್ವಮಂಗಳಮ್ಮ ಕೈಯಾರೆ ಮಾಡಿದ ಉಲ್ಲನ್ ನಾಯಿ, ಮಣಿಯ ಗಿಳಿ, ಥರ್ಮೋಕೋಲಿನ ತಾಜಮಹಲು. ಅಂಥದೇ ಒಂದು ಮಣಿಗಿಳಿಯನ್ನು ಹಾಲಮ್ಮನಿಗೂ ಉಡುಗೊರೆ ಕೊಟ್ಟಿದ್ದಳು. ಹಾಲಮ್ಮ ಅದನ್ನು ಬಚ್ಚಲಿನ ಬಾಗಿಲಿಗೆ ನೇತು ಹಾಕಿದ್ದಳು, ಹಾಕಿದ್ದೇನೆ ಎಂದು ಹೇಳಿಯೂ ಕಳಿಸಿದ್ದಳು. ಮೇಜಿನ ಮೇಲೆ ಬಂದವರಿಗೆ ಕೊಡಲು ಬೇಕರಿಯ ಸಿಹಿ ಡಬ್ಬಿಗಳು ರಿಬ್ಬನ್ ಕಟ್ಟಿಸಿಕೊಂಡು ಕೂತಿದ್ದವು.

“ಬರ್ರಿ ಅಕ್ಕಾರ,” ಅಂದಳು ಸರ್ವಮಂಗಳಮ್ಮ. ಬಾಯಿ ನಗುತ್ತಿತ್ತು, ಕಣ್ಣು ಬಾಟ್ಲಿ ನೋಡುತ್ತಿತ್ತು. “ಅಯ್ಯ, ಮತ್ತೆ ಇದನ್ನೇ ತಂದ್ರಾ? ಸ್ಟೀಲಿನ ಡಬ್ಬಿ ಇಲ್ದಿದ್ರೆ ಹೇಳಿ ಕಳ್ಸಬಾರ್ದಿತ್ತಾ. ಅಲ್ಲೇ ಚಪ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ಒಳಗೆ ಬರ್ರಿ.”

“ಚಪ್ಲಿ ಜಾಗದಾಗೆ ನಿಮ್ಮ ಮನೆ ಸಿಹಿ ಇಡ್ತೀರೇನು ಮಂಗಳಾ? ನಮ್ಮ ಕಡೆ ಆ ಪದ್ಧತಿ ಇಲ್ಲ,” ಎಂದು ಹಾಲಮ್ಮ ಬಾಟ್ಲಿಯನ್ನು ತಂದು ರಿಬ್ಬನ್ ಡಬ್ಬಿಗಳ ನಡುವೆ ಧಪ್ಪನೆ ಕೂರಿಸಿದಳು. ಎರಡು ಡಬ್ಬಿ ಕೆಳಗೆ ಬಿದ್ದವು.

ವಾಣಿಯನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಮುಖ ತುಂಬಿಕೊಂಡಿತ್ತು, ಪಾದವೂ ತುಂಬಿಕೊಂಡಿತ್ತು. ಕಾಲುಂಗುರ ಚರ್ಮದೊಳಗೆ ಹೂತು ಹೋಗಿತ್ತು. ಉಂಡು ಕೊಬ್ಬಿದ್ದಾಳೆ, ಉಣ್ಣಿಸಿದವಳಿಗೆ ಅದನ್ನು ಹೇಳಬಾರದು ಎಂದುಕೊಂಡು ಹಾಲಮ್ಮ ಮುಂದೆ ಹೋದಳು.

“ಅಕ್ಕಾರ, ನೀವು ಸ್ವಲ್ಪ ಹಿಂದೆ ಕೂಡ್ರಿ,” ಅಂದಳು ಸರ್ವಮಂಗಳಮ್ಮ, ಹಾಲ್‌ಗೆಲ್ಲ ಕೇಳುವಷ್ಟು ಮೆಲ್ಲಗೆ. “ಮುತ್ತೈದೇರು ಉಡಿ ತುಂಬ್ತಾರೆ.”

“ಕೂಡ್ತೀನಿ. ಹಿಂದೆ ಕೂತ್ರೂ ಹೆತ್ತಿದ್ದು ನಾನೇ. ಅದನ್ನೇನು ಮುತ್ತೈದೇರ ಕೈಲಿ ಹೆರಿಸಿದ್ದಿಲ್ಲ.”

ಒಬ್ಬರು ಕೆಮ್ಮಿದರು. ಐದು ಜನ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಎಲ್ಲ ವಾಣಿಯ ಸೆರಗಿಗೆ ಹಾಕಿ ಉಡಿ ತುಂಬಿದರು. ಆರತಿ ಆಯಿತು. ಹಜೀರಾಬೀ ಕೌದಿ ಬಿಚ್ಚಿ ವಾಣಿಯ ಮುಂದೆ ಹಾಸಿದಳು. ಹೆಂಗಸರು ಬಗ್ಗಿ ಬಗ್ಗಿ ಹೊಲಿಗೆ ಮುಟ್ಟಿ ನೋಡಿದರು, ಕುಂಚಿಗೆಯನ್ನು ಕೈಯಿಂದ ಕೈಗೆ ದಾಟಿಸಿದರು. ಸರ್ವಮಂಗಳಮ್ಮನ ಕಣ್ಣು ಮಾತ್ರ ಕೌದಿಯ ನಡುವಿನ ನೇರಳೆ ತುಂಡಿನ ಮೇಲೆ ನಿಂತಿತು.

“ಇದು ನಾನು ಉಡ್ಸಿದ ಸೀರೆ.”

“ಹೌದಾ? ಇರ್ಬೋದು. ಮೆತ್ತಗಿತ್ತು ನೋಡು, ಕೂಸಿನ ಕುಂಡಿ ಕೆಳಗೆ ಬರ್ಲಿ ಅಂತ ಹಾಕ್ಸಿದೆ.”

ಸರ್ವಮಂಗಳಮ್ಮನ ಮುಖ ಕಾದ ಹೆಂಚಾಯಿತು. ಅಷ್ಟರಲ್ಲಿ ಸಮಾಜದ ಒಬ್ಬ ಹೆಂಗಸು, ಪಾಪ, ಮಾತು ತಿರುಗಿಸೋಣ ಎಂದು ಗುಳಂಬದ ಮೇಲಿನ ಅರಿವೆ ಬಿಚ್ಚಿ ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು. ನೆಕ್ಕಿದ್ದೇ ಕಣ್ಣು ಮುಚ್ಚಿತು. “ಎಷ್ಟು ದಿನ ಇರ್ತೈತ್ರಿ ಇದು?” ಎಂದು ಕೇಳಿದಳು.

ಹಾಲಮ್ಮನಿಗೆ ಇಷ್ಟು ಸಾಕಾಯಿತು. “ದಿನನಾ? ಈ ಕೂಸು ಹುಟ್ಟಿ, ಶಾಲಿಗೆ ಹೋಗಿ, ಮಾಸ್ತರ ಕೈಲಿ ಒದೆ ತಿಂದು, ಮೀಸೆ ಬಂದು ಮದುವ್ಯಾದ್ರೂ ಇದು ಕೆಡಂಗಿಲ್ಲ. ಕೆಡೋದು ಹೋಗ್ಲಿ, ಖಾಲಿನೇ ಆಗಂಗಿಲ್ಲ. ದಿನಾ ತಿಂದ್ರೂ ತಳ ಕಾಣಂಗಿಲ್ಲ. ಅಂಥಾ ಕೈ ಇದು.”

ಹೆಂಗಸರೆಲ್ಲ ನಕ್ಕರು. ಸರ್ವಮಂಗಳಮ್ಮನೂ ನಕ್ಕಳು. ಸರ್ವಮಂಗಳಮ್ಮ ಎದ್ದು ಬಾಟ್ಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಉಲ್ಲನ್ ನಾಯಿಯನ್ನು ಪಕ್ಕಕ್ಕೆ ಸರಿಸಿ ಶೋಕೇಸಿನಲ್ಲಿಟ್ಟಳು. ಗಾಜಿನ ಬಾಗಿಲು ಎಳೆದು ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇಂಥಾದನ್ನ ಹೊರಗೆ ಇಡಬಾರ್ದು. ದೃಷ್ಟಿ ಆಗ್ತೈತೆ,” ಅಂದಳು.

ಊಟದ ಹೊತ್ತಿಗೆ ಹಾಲಮ್ಮ ಕೈ ತೊಳೆಯಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಉಣ್ಣುವವಳಲ್ಲ ಅವಳು. ಹರಿಹರದಿಂದ ಕಟ್ಟಿ ತಂದಿದ್ದ ರೊಟ್ಟಿಯನ್ನು ಹಿತ್ತಲಲ್ಲಿ ಹಜೀರಾಬೀ ಜೊತೆ ಮುರಿದು ತಿಂದು ಬಂದು, ಹಾಲ್‌ನಲ್ಲಿ ಕೂತಳು. ಸರ್ವಮಂಗಳಮ್ಮ ಡಬ್ಬಿ ಹಂಚುತ್ತಿದ್ದಳು. ಬಾಟ್ಲಿಯ ಸುದ್ದಿ ಎತ್ತಲಿಲ್ಲ.

“ಮಂಗಳಾ, ಹೊತ್ತಾಗ್ತೈತೆ. ಬಾಟ್ಲಿ.”

“ಯಾವ್ದು?”

“ಶೋಕೇಸಿನಾಗೆ ನಾಯಿ ಜೊತಿ ಕೂಡ್ಸಿದಿಯಲ್ಲ, ಅದು.”

“ಖಾಲಿ ಆಗ್ಲಿ ಅಕ್ಕಾರ. ಖಾಲಿ ಆದ ಮೇಲೆ ತೊಳ್ದು, ತುಂಬಿ ಕೊಡ್ತೀನಿ. ಅದು ಖಾಲಿ ಆಗಂಗಿಲ್ಲ ಅಂತ ನೀವೇ ಅಂದ್ರಿ. ಮೊಮ್ಮಗಂಗೆ ಮೀಸೆ ಬರ್ಲಿ.”

ಇಲ್ಲ ಅನ್ನದೆಯೇ ಇಲ್ಲ ಅಂದಿದ್ದಳು ಸರ್ವಮಂಗಳಮ್ಮ. ಅದೂ ಹಾಲಮ್ಮನದೇ ಮಾತಿನ ಹಗ್ಗ ತಗೊಂಡು ಹಾಲಮ್ಮನನ್ನೇ ಕಟ್ಟಿ.

ಮೂಲೆಯ ಕುರ್ಚಿಯಲ್ಲಿ ಶಿವಮೂರ್ತಪ್ಪ ಪೇಪರು ಹಿಡಿದು ಕೂತಿದ್ದ. “ತಮ್ಮಾ, ಕೇಳಿಸ್ತೇನೋ?” ಅಂದಳು ಹಾಲಮ್ಮ. ಪೇಪರು ಸ್ವಲ್ಪ ಮೇಲಕ್ಕೆ ಹೋಯಿತು. “ನಿಮ್ಮ ನಿಮ್ಮದು ನೀವು ನೋಡ್ಕಳ್ರಿ,” ಎಂದು ಪೇಪರಿನ ಹಿಂದಿನಿಂದ ದನಿ ಬಂತು. ಹತ್ತಿಯ ವ್ಯಾಪಾರ ಮಾಡಿ ಮಾಡಿ ಹತ್ತಿಯಂತೆಯೇ ಆಗಿದ್ದ ತಮ್ಮ, ಹಿಂಡಿದರೆ ಚಿಕ್ಕದಾಗುವವನು.

ಹಾಲಮ್ಮ ಎದ್ದಳು. ಡಬ್ಬಿ ಹಿಡಿದು ಹೊರಟಿದ್ದ ಹೆಂಗಸರಿಗಿಂತ ಮೊದಲು ಗೇಟಿಗೆ ಹೋಗಿ, ಎರಡೂ ಕೈ ಚಾಚಿ ಅಡ್ಡ ನಿಂತಳು.

“ಎಲ್ಲಿಗ್ರವ್ವ ಹೊಂಟ್ರಿ? ತವರಿನ ಗುಳಂಬ ಬಾಯಿಗೆ ಹಾಕ್ಕಳ್ದೆ ಕುಬಸದ ಮನೆಯಿಂದ ಹೋದ್ರೆ ಬಸುರಿಗೆ ಬಾಯಿ ರುಚಿ ಕೆಡ್ತೈತೆ. ನಂದಿಗುಡ್ಯಾಗೆ ಒಬ್ಬಾಕಿಗೆ ಹಿಂಗೇ ಆಗಿ, ಹುಟ್ಟಿದ ಕೂಸು ಆರು ತಿಂಗ್ಳು ಮೊಲೆ ಹಿಡೀಲಿಲ್ಲ.”

ನಂದಿಗುಡಿಯಲ್ಲಿ ಅಂಥ ಕೂಸು ಯಾವತ್ತೂ ಹುಟ್ಟಿರಲಿಲ್ಲ. ಆದರೆ ಬಸುರಿಯ ಹೆಸರು ಬಂದ ಮೇಲೆ ಯಾರು ಗೇಟು ದಾಟುತ್ತಾರೆ? ಎಲ್ಲರೂ ತಿರುಗಿ ಸರ್ವಮಂಗಳಮ್ಮನ ಮುಖ ನೋಡಿದರು. “ಅದಕ್ಕೇನ್ರಿ, ಒಂದು ಚಮಚ ಕೊಡ್ರಿ,” ಅಂದಳು ಮೊದಲು ನೆಕ್ಕಿದ್ದ ಹೆಂಗಸು. ಅವಳಿಗೆ ಅದೇ ಬೇಕಾಗಿತ್ತು. ಸಮಾಜದ ಅಷ್ಟೂ ಜನರ ಎದುರು ಇಲ್ಲ ಅನ್ನಲಾಗದೆ ಸರ್ವಮಂಗಳಮ್ಮ ಸೊಂಟದ ಬೀಗದಕೈ ತೆಗೆದಳು.

ಆಮೇಲೆ ಹಾಲಮ್ಮ ಹಂಚಿದ ಚೆಂದ ನೋಡಬೇಕಿತ್ತು. ಚಮಚವಲ್ಲ, ಸೌಟು. ಅಂಗೈ ಚಾಚಿದವರ ಮೊಣಕೈ ತನಕ ಪಾಕ ಇಳಿಯಿತು, ಇಸ್ತ್ರಿ ಸೀರೆಗಳಿಗೆ ಅಂಟು ಮೆತ್ತಿತು. ಆಟೋದವನಿಗೆ, ಎದುರು ಮನೆಯ ಮೇಷ್ಟ್ರಿಗೆ, ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಎರಡೂ ತಂಡಕ್ಕೆ, ಅಂಪೈರಿಗೆ. ಮಿಕ್ಕಿದ್ದನ್ನು ಹಜೀರಾಬೀ ತನ್ನ ಮೊಮ್ಮಕ್ಕಳಿಗೆಂದು ಟಿಫನ್ ಡಬ್ಬಿಗೆ ಸುರಿದುಕೊಂಡಳು. ಬಾಟ್ಲಿ ಬರಿದಾಯಿತು. ಹಾಲಮ್ಮ ಹಿತ್ತಲಿನ ನಲ್ಲಿಯಲ್ಲಿ ಅದನ್ನು ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ, ಸರ್ವಮಂಗಳಮ್ಮನ ಮುಂದಿಟ್ಟಳು.

“ತುಂಬು.”

ಸರ್ವಮಂಗಳಮ್ಮ ಬಾಟ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆ ಪಗಡೆ ಜೋರಾಗಿ ಸದ್ದಾದವು. ಹೊರಗೆ ಬಂದಾಗ ಅವಳ ಕುತ್ತಿಗೆಯ ನರ ಉಬ್ಬಿತ್ತು. ಬಾಟ್ಲಿಯನ್ನು ತಂದು ಹಾಲಮ್ಮನ ಮಡಿಲಿಗೆ ಕುಕ್ಕಿದಳು.

ಖಾಲಿ. ತೊಳೆದು ಕೊಟ್ಟ ಹಾಗೇ ಖಾಲಿ.

“ತಗಳ್ರಿ. ನನ್ನ ಮನ್ಯಾಗೆ ಕೂತು, ನನ್ನ ಗೇಟಿಗೆ ಅಡ್ಡ ನಿಂತು, ನನ್ನ ಜನರ ಮುಂದೆ ನನ್ನನ್ನ ಕುಣಿಸಿದ್ರಲ್ಲ. ಇಷ್ಟೇ ನನ್ನತ್ರ ಇರೋದು.”

ಉಳಿದಿದ್ದ ಎರಡು ಮೂರು ಹೆಂಗಸರು ಎದೆ ಹಿಡಿದುಕೊಂಡರು. ತುಂಬಿದ ಬಸುರಿಯ ಮುಂದೆ, ಅದೂ ಕುಬಸದ ದಿನ, ಬರಿದಾದ ಪಾತ್ರೆ. ಹಾಲಮ್ಮ ಬಾಟ್ಲಿಯ ಬಾಯಿಯನ್ನು ಸೆರಗಿನಿಂದ ಮುಚ್ಚಿದಳು.

“ಏನ್ ಕೊಟ್ಟೆ ಅಂತ ಗೊತ್ತೈತಾ ನಿಂಗೆ? ನನ್ನ ಮಗಳ ಹೊಟ್ಟಿ ಮುಂದೆ ಖಾಲಿ ಪಾತ್ರಿ ಹಿಡಿದ್ಯಾ? ಹೊಟ್ಟ್ಯಾಗೆ ಇರೋದು ನಿನ್ನ ಮಗನ ಪಿಂಡ ಕಣೇ. ನನ್ನ ಮೇಲಿನ ಸಿಟ್ಟಿಗೆ ನಿನ್ನ ಮೊಮ್ಮಗಂಗೇ ಕೆಟ್ಟದ್ದು ಬಯಸ್ದ್ಯಾ?”

ಸರ್ವಮಂಗಳಮ್ಮನಿಗೆ ಆಗ ಹೊಳೆಯಿತು. ಮುಖದ ಬಣ್ಣ ಇಳಿಯಿತು. ಆದರೂ ಬಾಯಿ ಇಳಿಯಲಿಲ್ಲ. “ನೀವು ಮಾಡ್ಸಿದ್ದು. ನೀವೇ ಮಾಡ್ಸಿದ್ದು,” ಅಂದಳು.

“ಸಾಕು ಬಿಡ್ರಿ.”

ವಾಣಿ ಮಣೆಯಿಂದ ಎದ್ದಿದ್ದಳು. ಗೋಡೆ ಹಿಡಿದು, ಕಾಲೆಳೆಯುತ್ತಾ ಬಂದು ಹಾಲಮ್ಮನ ಮಡಿಲಿನಿಂದ ಬಾಟ್ಲಿ ತಗೊಂಡಳು. ಸೊಂಟಕ್ಕೆ ಕಟ್ಟಿದ್ದ ಉಡಿಯ ಗಂಟು ಬಿಚ್ಚಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲವನ್ನೂ ಅದರೊಳಗೆ ಸುರಿದಳು. ಉಡಿಯ ಅಕ್ಕಿ ಬಸುರಿಯ ಸ್ವಂತದ್ದು. ಅದನ್ನು ಎಲ್ಲಿ ಸುರಿಯಬೇಕು ಎಂದು ಅತ್ತೆಯೂ ಹೇಳುವಂತಿಲ್ಲ, ತಾಯಿಯೂ ಹೇಳುವಂತಿಲ್ಲ.

“ತುಂಬಿತು,” ಅಂದಳು ವಾಣಿ.

ಹಾಲಮ್ಮ ಗೆದ್ದವಳಂತೆ ಸೆರಗು ಸಿಕ್ಕಿಸಿದಳು. “ನೋಡಿದ್ಯಾ ಮಂಗಳಾ. ಈ ಮನೆ ಸೊಸೆನೇ ತುಂಬಿದ್ಳು. ನಡಿಯವ್ವ, ನಿನ್ನ ಸೀರಿ ಎಲ್ಲ ತಗ.”

“ನಾ ಬರಂಗಿಲ್ಲ ಅವ್ವ.”

ಶಿವಮೂರ್ತಪ್ಪನ ಪೇಪರು ಕೆಳಗಿಳಿಯಿತು.

“ನಿನ್ನತ್ತಿ ಹೇಳಿ ಕೊಟ್ಟಾಳಾ?”

“ಡಾಕ್ಟ್ರಮ್ಮ ಹೇಳ್ಯಾಳೆ. ಬಿ.ಪಿ. ಐತಂತೆ. ಕಾಲು ನೋಡು. ಊರು ಬಿಟ್ಟು ಹೋಗ್ಬ್ಯಾಡ, ರಾತ್ರಿ ಹೊತ್ನಾಗೆ ಏನಾರ ಆದ್ರೆ ಕಷ್ಟ, ಆಸ್ಪತ್ರಿ ಹತ್ರ ಇರ್ಬೇಕು ಅಂದಾಳೆ. ಅತ್ತಿಗೂ ಗೊತ್ತು.”

ಹಾಲಮ್ಮ ಸರ್ವಮಂಗಳಮ್ಮನ ಕಡೆ ತಿರುಗಿದಳು. “ಗೊತ್ತಿದ್ದೂ ಬೆಳಿಗ್ಗಿಂದ ಬಾಯಿ ಬಿಡ್ಲಿಲ್ಲ ಯಾಕ?”

“ಬಿಟ್ಟಿದ್ರೆ ನಂಬ್ತಿದ್ರಾ? ದಾವಣಗೇರಿ ಡಾಕ್ಟ್ರನ್ನ ಮಂಗಳಿ ಬುಟ್ಟಿಗೆ ಹಾಕ್ಕಂಡಾಳೆ ಅಂತ ಹರಿಹರದ ತುಂಬ ಡಂಗುರ ಹೊಡೀತಿದ್ರಿ.”

ಹಾಲಮ್ಮ ಬಾಯಿ ತೆರೆದಳು. ಹೆಚ್ಚೂ ಕಡಿಮೆ ಅದೇ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡಳು. “ನೀನಾರ ನಂಗೆ ಹೇಳ್ಬೋದಿತ್ತಲ್ಲ ವಾಣಿ,” ಅಂದಳು.

“ನಿಂಗೆ ಏನು ಹೇಳ್ಲಿ? ಹೇಳಿದ್ದೆಲ್ಲ ಆ ಬಾಟ್ಲ್ಯಾಗೆ ತುಂಬಿ ಅತ್ತಿಗೆ ಕಳಸ್ತೀಯ.” ವಾಣಿ ಕುರ್ಚಿಗೆ ಕೈ ಊರಿದಳು. ದನಿ ಎತ್ತರಿಸಲಿಲ್ಲ. “ಅಂಟಿನುಂಡಿ ಕಳಿಸಿದ್ಯಲ್ಲ, ಅತ್ತಿಗೆ ಚುಚ್ಚಕೆ ಅಂತ. ಅದನ್ನ ಬಿಚ್ಚಿದ್ದು ಯಾರು? ನಾನು. ಅತ್ತಿ ನಾಲ್ಕು ಜನರ ಮುಂದೆ ಅದನ್ನ ನನ್ನ ತಾಟಿಗೇ ಹಾಕಿದ್ಳು, ತಿನ್ನು, ನಿಮ್ಮವ್ವ ನಿಂಗೇ ಕಳಿಸಿರೋದು ಅಂತ. ತಿಂದೆ. ಪ್ರತಿ ತಿಂಗ್ಳು ಮುಟ್ಟಾದಾಗ ಆ ತುಪ್ಪದ ವಾಸ್ನೆ ಬರ್ತಿತ್ತು ನಂಗೆ. ನೀವಿಬ್ರು ಹೊಡ್ದಾಡಿದ್ದು ಸಿಹಿಯಾಗೆ. ತಿಂದಾಕಿ ನಾನು.”

ಹಾಲಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಸರ್ವಮಂಗಳಮ್ಮ ನೆಲ ನೋಡಿದಳು.

“ಹರಿಹರಕ್ಕೆ ಬರಕಾಗಲ್ಲ,” ಅಂದಳು ವಾಣಿ. “ನೀನು ಬೇಕು ಅಂದ್ರೆ ಇಲ್ಲಿರು. ಬ್ಯಾಡ ಅಂದ್ರೆ ಹೋಗು. ಇಬ್ರೂ ಸೇರಿ ಏನಾರ ಮಾಡ್ಕಳ್ರಿ. ನಂಗೆ ಮಲಗ್ಬೇಕು.” ಕೋಣೆಗೆ ಹೋಗಿ ಬಾಗಿಲು ಅರ್ಧ ಮುಚ್ಚಿಕೊಂಡಳು.

ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಕ್ಕೂ ಹಾಲಮ್ಮ ಬಾಯಿ ಒಣಗುವ ತನಕ ಯೋಚಿಸುತ್ತಿದ್ದಳು. ಉಂಡರೆ ಹಂಗು, ಮಲಗಿದರೆ ಮಾನ ಹೋಯಿತು. ಅದೂ ಈ ಮನೆ, ಈ ಹೆಂಗಸು. ಗೆದ್ದು ಮಗಳನ್ನು ಕರಕೊಂಡು ಹೋಗುವ ಚಿತ್ರವನ್ನು ಎಷ್ಟು ಸಲ ಕಟ್ಟಿಕೊಂಡಿದ್ದಳೋ, ಹರಿಹರದಲ್ಲಿ ಬಸ್ಸು ಇಳಿಯುವಾಗ ಬ್ಯಾಂಡಿನವರನ್ನೂ ಅದರಲ್ಲಿ ಸೇರಿಸಿದ್ದಳು. ಬಾಗಿಲಿನ ಸಂದಿಯಲ್ಲಿ ವಾಣಿಯ ಒಂದು ಪಾದ ಮಾತ್ರ ಕಾಣುತ್ತಿತ್ತು. ಊದಿದ ಪಾದ.

ಸೊಂಟದ ಚೀಲದಿಂದ ಮನೆಯ ಬೀಗದಕೈ ತೆಗೆದು ಹಜೀರಾಬೀ ಕೈಗಿಟ್ಟಳು. “ನೀ ಹೊರಡು ಹಜೀರಾ. ಬಾಟ್ಲಿ ತಗಂಡು ಹೋಗು. ಆ ಅಕ್ಕಿನ ನಾಕು ಮನಿಗೆ ಹಂಚು. ದಿನಾ ಸಂಜಿಗೆ ದೀಪ ಹಚ್ಚು.”

“ಯಾವಾಗ ಬರ್ತೀಯ ಹಾಲಕ್ಕ?”

“ಈಕಿ ಕುತ್ತಿಗಿ ಹಿಡ್ದು ದಬ್ಬಿದಾಗ.”

“ಈಗ್ಲೇ ದಬ್ತೀನಿ,” ಅಂದಳು ಸರ್ವಮಂಗಳಮ್ಮ. “ಯಾರನ್ನ ಕೇಳಿ ಇರ್ತೀರಿ? ನನ್ನ ಮನ್ಯಾಗೆ ಜಾಗ ಇಲ್ಲ.”

“ತಾಜಮಹಲು ತಗದ್ರೆ ಜಾಗ ಆಗ್ತೈತೆ.”

“ಶೋಕೇಸಿನಾಗೆ ಮಲಗ್ತೀರಾ? ಮಲಗ್ರಿ. ಬಂದೋರಿಗೆ ತೋರಸ್ತೀನಿ.”

“ಟಿಕೆಟ್ ಇಡು. ನಿನ್ನ ನಾಯಿ ನೋಡಕ್ಕಂತೂ ಯಾರೂ ಬರಂಗಿಲ್ಲ.”

ಶಿವಮೂರ್ತಪ್ಪ ಪೇಪರು ಮಡಚಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಾಲಮ್ಮ ಮಗಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತು ವಾಣಿಯ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಒತ್ತಿ ಬಿಟ್ಟಳು. ಒತ್ತಿದ ಕಡೆ ಕುಳಿ ಬಿತ್ತು. ಹಸಿಮಣ್ಣಿನಲ್ಲಿ ಬಿದ್ದ ಹೆಜ್ಜೆಯಂತೆ ಹಾಗೇ ಉಳಿಯಿತು. ಹಾಲಮ್ಮ ಅದು ತುಂಬಿಕೊಳ್ಳುವುದನ್ನೇ ಕಾಯುತ್ತಾ ಕೂತಳು. ಅದು ಅವಸರ ಮಾಡಲಿಲ್ಲ.

“ಈಗ ನೋಡಿದ್ರಾ?” ಬಾಗಿಲಲ್ಲಿ ಸರ್ವಮಂಗಳಮ್ಮ ನಿಂತಿದ್ದಳು. “ಇನ್ನ ಬೈರಿ ನನ್ನ.”

“ಬೈತೀನಿ. ಅದಕ್ಕೆ ದಿನಾ ಹೊತ್ತು ಇಟ್ಕಂಡೀನಿ. ಮೊದ್ಲು ಬಿಸಿನೀರು ತಗಂಬಾ.”

“ನಾನೇನು ನಿಮ್ಮ ಮನಿ ಆಳಾ?”

ಅವಳು ಕದಲಲಿಲ್ಲ. ಹಾಲಮ್ಮ ಮಗಳ ಕಾಲ ಕೆಳಗೆ ದಿಂಬು ಸರಿಸಿ ಎದ್ದಳು. ಬಾಗಿಲು ತುಂಬಿಕೊಂಡು ನಿಂತವಳನ್ನು ಹೆಗಲಿಂದ ಸರಿಸಿಕೊಂಡು, ಆ ಮನೆಯ ಅಡುಗೆಮನೆಗೆ ಮೊದಲ ಸಲ ಕಾಲಿಟ್ಟು, ಕಪಾಟಿನ ಮೇಲಿದ್ದ ದೊಡ್ಡ ಪಾತ್ರೆಯನ್ನು ಇಳಿಸಿ ನಲ್ಲಿಗೆ ಹಿಡಿದಳು.

“ಆ ಪಾತ್ರಿ ಅಲ್ಲ,” ಎಂದು ಹಿಂದಿನಿಂದ ಕೂಗು ಬಂತು. “ಅದು ಹಾಲಿಂದು.”

“ಇದೇ,” ಅಂದಳು ಹಾಲಮ್ಮ, ಒಲೆಯ ಮೇಲಿಡುತ್ತಾ.